ಯಾರ ಕಾಯಿ ಮೊದಲು? ಏಜೆಂಟ್ ಮಾದರಿಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

‘ಏಜೆಂಟ್’ ಎಂದರೆ ಮಾದರಿಯೊಳಗಿನ ಒಬ್ಬ ಪಾತ್ರಧಾರಿ: ಒಬ್ಬ ವ್ಯಕ್ತಿ, ಒಂದು ಕಾರು, ಒಂದು ಮನೆತನ, ಏನೂ ಆಗಬಹುದು. ಒಬ್ಬೊಬ್ಬರಿಗೂ ಚಿಕ್ಕ ಚಿಕ್ಕ ನಿಯಮ ಕೊಟ್ಟು, ಅವರನ್ನೆಲ್ಲ ಒಟ್ಟಿಗೆ ಬಿಟ್ಟು, ಇಡೀ ಗುಂಪು ಏನಾಗುತ್ತದೆ ಎಂದು ನೋಡುವುದು ಏಜೆಂಟ್ ಆಧಾರಿತ ಮಾದರಿಯ ಕೆಲಸ. ಯಾರೊಬ್ಬರೂ ಬಯಸದ, ಯಾವ ನಿಯಮದಲ್ಲೂ ಬರೆದಿಲ್ಲದ ಒಂದು ವರ್ತನೆ ಗುಂಪಿನಲ್ಲಿ ಕಾಣಿಸಿಕೊಂಡರೆ ಅದನ್ನು ‘ಹೊಮ್ಮಿದ’ ವರ್ತನೆ ಎನ್ನುತ್ತಾರೆ. ಈ ವಿಷಯವಾಗಿ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಗಣಿತ, ಪ್ರೋಗ್ರಾಮಿಂಗ್ ಎರಡೂ ಬಾರದವರು ಇದನ್ನು ಅರ್ಥ ಮಾಡಿಕೊಳ್ಳಬಹುದೇ? ಕಂಪ್ಯೂಟರ್ ಇಲ್ಲದೆ ಮಾಡಿ ನೋಡುವ ದಾರಿ ಇದೆಯೇ?
— ಎಂ.ಎ. ಸಮಾಜಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಖಂಡಿತ ಇದೆ. ಈ ಕ್ಷೇತ್ರದ ಅತ್ಯಂತ ಹೆಸರಾದ ಮಾದರಿ ರೂಪುಗೊಂಡದ್ದೇ ಚೌಕಳಿಯ ಮೇಲೆ ನಾಣ್ಯ ಸರಿಸುತ್ತಾ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಅದನ್ನು ವಿಸ್ತಾರವಾಗಿ ಪ್ರಕಟಿಸಿದರು. ಅಲ್ಲಿನ ನಗರಗಳಲ್ಲಿ ಕಪ್ಪು ಜನರ ಮತ್ತು ಬಿಳಿಯರ ಬಡಾವಣೆಗಳು ಬೇರೆಬೇರೆಯಾಗಿಯೇ ಉಳಿಯುವುದೇಕೆ ಎಂಬುದು ಅವರ ಪ್ರಶ್ನೆ. (ಅವರಿಗೆ 2005ರಲ್ಲಿ ರಾಬರ್ಟ್ ಔಮನ್ ಜೊತೆ ನೊಬೆಲ್ ಬಂತು. ಅದು ಬಂದದ್ದು ಈ ಮಾದರಿಗಾಗಿ ಅಲ್ಲ, ಸಂಘರ್ಷ ಮತ್ತು ಸಹಕಾರದ ಬಗೆಗಿನ ಕೆಲಸಕ್ಕೆ.)

ಬೇಕಾದದ್ದು ಒಂದು ಚದುರಂಗದ ಹಲಗೆ, 40 ಹುಣಸೆಬೀಜ, 40 ಅವರೆಕಾಳು. ಚೌಕಾಬಾರದಲ್ಲಿ ಹೇಳುವಂತೆ ಪ್ರತಿ ಚೌಕವನ್ನು ‘ಮನೆ’ ಎನ್ನೋಣ, ಬೀಜ–ಕಾಳುಗಳನ್ನು ‘ಕಾಯಿ’ ಎನ್ನೋಣ. ನಾಲ್ಕು ಮೂಲೆಯ ಮನೆಗಳನ್ನು ಖಾಲಿ ಬಿಟ್ಟು, ಉಳಿದ 60 ಮನೆಗಳಲ್ಲಿ ಒಂದು ಬೀಜ, ಒಂದು ಕಾಳು ಎಂದು ಅದಲುಬದಲಾಗಿ ಇಡಿ. ಒಂದೊಂದು ಬಗೆಯದು ಸರಿಯಾಗಿ 30 ಬರುತ್ತವೆ.

ಈಗ ನಿಯಮ. ಒಂದು ಕಾಯಿಯ ಸುತ್ತಲಿನ ಎಂಟು ಮನೆಗಳಲ್ಲಿ ಇರುವವರು ಅದರ ನೆರೆಯವರು. ಖಾಲಿ ಮನೆಗಳು ಲೆಕ್ಕಕ್ಕಿಲ್ಲ. ಪ್ರತಿ ಕಾಯಿಗೂ ತನ್ನ ನೆರೆಯವರಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಜನ ತನ್ನ ಬಗೆಯವರಿದ್ದರೆ ಸಾಕು. ಅಂದರೆ ಒಬ್ಬರೇ ನೆರೆಯವರಿದ್ದರೆ ಅವರು ತನ್ನವರಾಗಿರಬೇಕು, ಇಬ್ಬರಿದ್ದರೆ ಒಬ್ಬರು, ಮೂರರಿಂದ ಐದು ಜನ ಇದ್ದರೆ ಇಬ್ಬರು, ಆರರಿಂದ ಎಂಟು ಇದ್ದರೆ ಮೂವರು. ಎಂಟರಲ್ಲಿ ಐವರು ಬೇರೆಯವರಿದ್ದರೂ ಈ ಕಾಯಿಗೆ ತಕರಾರಿಲ್ಲ ಎಂಬುದನ್ನು ಗಮನಿಸಿ. ಸಾಕಷ್ಟು ಉದಾರ ಮನಸ್ಸೇ. ಈಗ ಹಲಗೆಯನ್ನು ಪರೀಕ್ಷಿಸಿ: ನಡುವಿನ ಕಾಯಿಗೆ ಎಂಟರಲ್ಲಿ ನಾಲ್ವರು ತನ್ನವರು (ಖಾಲಿ ಮೂಲೆಗೆ ಓರೆಯಾಗಿ ತಾಗಿದ ನಾಲ್ಕಕ್ಕೆ ಮಾತ್ರ ಏಳರಲ್ಲಿ ಮೂವರು), ಅಂಚಿನದಕ್ಕೆ ಐವರಲ್ಲಿ ಇಬ್ಬರು, ಮೂಲೆಯ ಪಕ್ಕದ್ದಕ್ಕೆ ನಾಲ್ವರಲ್ಲಿ ಇಬ್ಬರು. ಎಲ್ಲರೂ ನೆಮ್ಮದಿಯಾಗಿದ್ದಾರೆ, ಯಾರೂ ಏಳಬೇಕಿಲ್ಲ.

ಈ ನೆಮ್ಮದಿಯನ್ನು ಸ್ವಲ್ಪ ಅಲುಗಿಸಿ. ಚೀಟಿ ಎತ್ತಿ 20 ಕಾಯಿಗಳನ್ನು ತೆಗೆದುಬಿಡಿ, ಖಾಲಿ ಮನೆಗಳಲ್ಲಿ ಐದನ್ನು ಚೀಟಿ ಎತ್ತಿಯೇ ಮತ್ತೆ ಇಡಿ. ಈಗ 45 ಕಾಯಿ, 19 ಖಾಲಿ ಮನೆ. ಅತೃಪ್ತ ಕಾಯಿಗಳನ್ನು ಒಂದೊಂದಾಗಿ ಎತ್ತಿ, ತೃಪ್ತಿ ಸಿಗುವ ಅತಿ ಹತ್ತಿರದ ಖಾಲಿ ಮನೆಗೆ ಇಡುತ್ತಾ ಹೋಗಿ. ಒಬ್ಬರು ಎದ್ದು ಹೋದಾಗ ಅವರ ಹಳೆಯ ನೆರೆಯವರಲ್ಲಿ ಒಬ್ಬಿಬ್ಬರ ಲೆಕ್ಕ ತಪ್ಪುತ್ತದೆ. ಹೋದಲ್ಲಿ ಇನ್ನೊಬ್ಬರ ಲೆಕ್ಕ ತಪ್ಪುತ್ತದೆ. ಅವರೂ ಏಳುತ್ತಾರೆ. ಎಲ್ಲರೂ ಕೂತ ಮೇಲೆ ಹಲಗೆ ನೋಡಿ: ಬೀಜಗಳದ್ದೇ ಒಂದು ಮೂಲೆ, ಕಾಳುಗಳದ್ದೇ ಒಂದು ಮೂಲೆ. ಬೆರೆತು ಬಾಳಲು ಪ್ರತಿಯೊಬ್ಬರೂ ಒಪ್ಪಿದ್ದರು, ಆದರೂ ಬೇರ್ಪಟ್ಟರು. ಇದೇ ಹೊಮ್ಮಿಕೆ. ಓದಿ ಬಿಡಬೇಡಿ, ಕೈಯಾರೆ ಒಮ್ಮೆ ಮಾಡಿ. ಒಂದು ಗಂಟೆಯೂ ಬೇಡ.

ಹಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಕೇರಿಗಳು ಬೇರೆಬೇರೆ ಇರುವುದನ್ನೂ ಈ ಮಾದರಿ ವಿವರಿಸುತ್ತದೆಯೇ? ಯಾರದ್ದೂ ತಪ್ಪಿಲ್ಲ ಎಂದಾಯಿತೇ?
— ಶಿಕ್ಷಕರು, ರಾಯಚೂರು ಜಿಲ್ಲೆ

ಇಲ್ಲ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ. ಈ ಮಾದರಿಯನ್ನು ದುರುಪಯೋಗ ಮಾಡುವವರೆಲ್ಲ ಎಡವುವುದು ಇಲ್ಲೇ.

ಹಲಗೆಯ ಮೇಲೆ ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡಿದ್ದೆವು: ಯಾವ ಕಾಯಿ ಬೇಕಾದರೂ ಯಾವ ಖಾಲಿ ಮನೆಗೆ ಬೇಕಾದರೂ ಹೋಗಬಹುದು. ತಡೆಯುವವರಿಲ್ಲ, ಬಾಡಿಗೆ ಕೇಳುವವರಿಲ್ಲ, ಜಾತಿ ಕೇಳುವವರಿಲ್ಲ. ದಲಿತರ ಕೇರಿ ಊರ ಹೊರಗೆ ಇರುವುದು ಅಲ್ಲಿರುವವರು ನೆರೆಯವರನ್ನು ಎಣಿಸಿ ಆರಿಸಿಕೊಂಡದ್ದರಿಂದ ಅಲ್ಲ. ಒಂದು ಬಗೆಯ ಕಾಯಿಗೆ ನಡೆಯೇ ಇಲ್ಲದ ಆಟ ಅದು. ಅಂಥ ಕಡೆ ಶೆಲ್ಲಿಂಗ್ ನಿಯಮ ಹೂಡುವುದೇ ತಪ್ಪು.

ಅಮೆರಿಕಕ್ಕೂ ಇದೇ ಮಾತು. ಅಲ್ಲಿ 1930ರ ದಶಕದಿಂದ ಸರ್ಕಾರಿ ಗೃಹಸಾಲ ವ್ಯವಸ್ಥೆಯ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಕೆಂಪು ಎಂದರೆ ಸಾಲಕ್ಕೆ ಅಪಾಯದ ಜಾಗ. ಕಪ್ಪು ಜನರಿಗೆ ಮಾರಕೂಡದು ಎಂಬ ಷರತ್ತನ್ನು ಕ್ರಯಪತ್ರಗಳಲ್ಲೇ ಬರೆಸುತ್ತಿದ್ದರು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರಾಟ–ಬಾಡಿಗೆಯಲ್ಲಿ ಭೇದಭಾವ ನಿಷೇಧಿಸಿದ ಕಾಯ್ದೆ ಬಂದದ್ದು 1968ರಲ್ಲಿ. ಸಂಘಟಿತ ಕ್ರಮದಿಂದ ಆಗುವ ಬೇರ್ಪಡಿಕೆ, ಹಣದ ಅಂತರದಿಂದ ಆಗುವ ಬೇರ್ಪಡಿಕೆ, ಬಿಡಿ ವ್ಯಕ್ತಿಗಳ ಆಯ್ಕೆಯಿಂದ ಆಗುವ ಬೇರ್ಪಡಿಕೆ ಎಂದು ಮೂರನ್ನೂ ಶೆಲ್ಲಿಂಗ್ ಬೇರೆಬೇರೆಯಾಗಿಯೇ ಇಟ್ಟಿದ್ದರು. ಅವರ ಮಾದರಿ ಮೂರನೆಯದಕ್ಕೆ ಮಾತ್ರ.

ಮಾದರಿ ತೋರಿಸುವುದು ಇಷ್ಟು: ಕಾನೂನಿನ ತಡೆಗಳನ್ನೆಲ್ಲ ತೆಗೆದ ಮೇಲೂ, ಯಾರ ಮನಸ್ಸಿನಲ್ಲೂ ದ್ವೇಷ ಇಲ್ಲದಿದ್ದರೂ, ಬೇರ್ಪಡಿಕೆ ತಾನಾಗಿ ಕರಗಬೇಕೆಂದಿಲ್ಲ. ಈಗಿರುವ ಬೇರ್ಪಡಿಕೆ ಹುಟ್ಟಿದ್ದು ಹೀಗೆಯೇ ಎಂದು ಅದು ಹೇಳುವುದಿಲ್ಲ. ‘ಹೀಗೂ ಆಗಬಹುದು’ ಮತ್ತು ‘ಹೀಗೇ ಆಯಿತು’ ಎಂಬ ಎರಡು ಮಾತುಗಳ ನಡುವಿನ ದಾರಿ ಬಹಳ ಉದ್ದ.

ಮುಂದೆ ಅಪಘಾತ ಇಲ್ಲ, ಸಿಗ್ನಲ್ ಇಲ್ಲ, ರಸ್ತೆ ಅಗೆದಿಲ್ಲ. ಆದರೂ ವಾಹನಗಳು ನಿಂತುಬಿಡುತ್ತವೆ, ಆಮೇಲೆ ತಾವಾಗಿಯೇ ಹೊರಡುತ್ತವೆ. ಇದಕ್ಕೂ ಇಂಥ ಮಾದರಿ ಇದೆಯಂತೆ, ವಿವರಿಸಿ.
— ಐ.ಟಿ. ಉದ್ಯೋಗಿ, ಬೆಂಗಳೂರು

ಇದೆ. ಜರ್ಮನಿಯ ಭೌತವಿಜ್ಞಾನಿಗಳಾದ ನಾಗೆಲ್ ಮತ್ತು ಶ್ರೆಕೆನ್‌ಬರ್ಗ್ 1992ರಲ್ಲಿ ಕೊಟ್ಟದ್ದು. ರಸ್ತೆಯನ್ನು 7.5 ಮೀಟರ್ ಉದ್ದದ ಮನೆಗಳಾಗಿ ಭಾಗ ಮಾಡುತ್ತಾರೆ. ಸಾಲಿನಲ್ಲಿ ನಿಂತ ಒಂದು ಕಾರು, ಅದರ ಮುಂದಿನ ಸಂದು ಎರಡೂ ಸೇರಿ ಅಷ್ಟು. ವೇಗ 0ರಿಂದ 5 ಮನೆಗಳವರೆಗೆ. ಪ್ರತಿ ಸುತ್ತಿನಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಮಾಡುವುದು ನಾಲ್ಕು ಕೆಲಸ: ವೇಗವನ್ನು ಒಂದು ಹೆಚ್ಚಿಸು (5ಕ್ಕೆ ಮೀರದಂತೆ), ಮುಂದೆ ಇರುವ ಖಾಲಿ ಮನೆಗಳಿಗಿಂತ ವೇಗ ಜಾಸ್ತಿಯಾದರೆ ಅಷ್ಟಕ್ಕೇ ಇಳಿಸು, ಕೆಲವು ಸಲ ಕಾರಣವಿಲ್ಲದೆ ಒಂದು ಇಳಿಸು, ಆಮೇಲೆ ಅಷ್ಟು ಮನೆ ಮುಂದೆ ಹೋಗು. ಮೂರನೆಯದು ಚಾಲಕನ ಗಮನ ತಪ್ಪುವುದಕ್ಕೆ, ಸುಮ್ಮನೆ ಬ್ರೇಕ್ ಮುಟ್ಟುವುದಕ್ಕೆ ಸಮ. ಕಾಗದದ ಮೇಲೆ ಮಾಡುವಾಗ ದಾಳ ಹಾಕಿ, 1 ಅಥವಾ 2 ಬಿದ್ದರೆ ಇಳಿಸಿ.

60 ಮನೆಗಳ ಒಂದು ವೃತ್ತ ಬರೆದು 10 ಕಾರು ಇಡಿ. ದಾಳ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ 5ರ ವೇಗದಲ್ಲಿ ಓಡುತ್ತವೆ, ಏಕೆಂದರೆ ಒಂದೊಂದಕ್ಕೂ ತನ್ನದೊಂದು, ಮುಂದಿನವು ಐದು, ಒಟ್ಟು ಆರು ಮನೆ ಸಿಗುತ್ತದೆ. ದಾಳ ಸೇರಿಸಿದ ಕೂಡಲೇ ಒಂದು ಕಾರು ನಿಧಾನಿಸುತ್ತದೆ, ಹಿಂದಿನದು ಇನ್ನೂ ನಿಧಾನಿಸುತ್ತದೆ, ಅದರ ಹಿಂದಿನದು ನಿಂತೇ ಬಿಡುತ್ತದೆ.

ದಾಳವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಮೂರೇ ಕಾರುಗಳನ್ನು ಹತ್ತಿರದಿಂದ ನೋಡೋಣ. ಮೊದಲನೆಯದು 10ನೇ ಮನೆಯಲ್ಲಿ ನಿಂತಿದೆ, ಎರಡನೆಯದು 9ರಲ್ಲಿ ನಿಂತಿದೆ, ಮೂರನೆಯದು 4ರಲ್ಲಿದ್ದು 3ರ ವೇಗದಲ್ಲಿ ಬರುತ್ತಿದೆ. ಸುತ್ತು ಒಂದು: ಮೊದಲನೆಯದು 11ಕ್ಕೆ ಹೋಗುತ್ತದೆ. ಎರಡನೆಯದರ ಮುಂದೆ (ಸುತ್ತಿನ ಆರಂಭದಲ್ಲಿ) ಖಾಲಿ ಇಲ್ಲ, ಹಾಗಾಗಿ 9ರಲ್ಲೇ. ಮೂರನೆಯದು ವೇಗ 4 ಮಾಡಿಕೊಂಡು 8ಕ್ಕೆ ಬರುತ್ತದೆ. ಸುತ್ತು ಎರಡು: ಮೊದಲನೆಯದು 13ಕ್ಕೆ, ಎರಡನೆಯದು 10ಕ್ಕೆ, ಮೂರನೆಯದು ಮುಂದೆ ಜಾಗವಿಲ್ಲದೆ 8ರಲ್ಲಿ ನಿಲ್ಲುತ್ತದೆ. ಮೊದಲು 9–10ರಲ್ಲಿದ್ದ ದಟ್ಟಣೆ ಮೊದಲ ಸುತ್ತಿನ ಕೊನೆಗೆ 8–9ಕ್ಕೆ ಬಂದಿತ್ತು, ಈಗ ನಿಂತಿರುವುದು 8ರ ಕಾರು. ಕಾರುಗಳೆಲ್ಲ ಮುಂದಕ್ಕೆ, ಜಾಮ್ ಮಾತ್ರ ಹಿಂದಕ್ಕೆ. ನೀವು ತಲುಪುವ ಹೊತ್ತಿಗೆ ಅದನ್ನು ಹುಟ್ಟಿಸಿದ ಚಾಲಕ ಬಹುಶಃ ಮನೆ ಸೇರಿರುತ್ತಾನೆ. ಮುಂದೆ ಕಾರಣವೇ ಕಾಣದಿರುವುದು ಅದಕ್ಕೇ.

ಇನ್ನೊಂದು ಪರೀಕ್ಷೆ. ಅದೇ ಮೂರು ಕಾರುಗಳನ್ನು ಒಟ್ಟಿಗೆ ನಡೆಸುವ ಬದಲು ಮುಂದಿನದರಿಂದ ಶುರುಮಾಡಿ ಒಂದಾದ ಮೇಲೊಂದು ನಡೆಸಿ. ಮೊದಲನೆಯದು 11ಕ್ಕೆ ಹೋಯಿತು, ಎರಡನೆಯದು ಖಾಲಿಯಾದ ಜಾಗ ನೋಡಿ 10ಕ್ಕೆ, ಮೂರನೆಯದು 8ಕ್ಕೆ. ಮುಂದಿನ ಸುತ್ತಿನಲ್ಲಿ 13, 12, 11. ಜಾಮ್ ಮಾಯ! ನಿಯಮ ಒಂದಕ್ಷರ ಬದಲಾಗಿಲ್ಲ. ಕಾಯಿ ನಡೆಸಿದ ಕ್ರಮ ಮಾತ್ರ ಬದಲಾಯಿತು. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿ. ಯಾರು ಮೊದಲು ನಡೆಯುತ್ತಾರೆ ಎಂಬುದೂ ನಿಯಮವೇ. ಅದನ್ನು ಬರೆದಿಡದಿದ್ದರೆ ಕಂಪ್ಯೂಟರ್ ತನಗೆ ತೋಚಿದಂತೆ ಆರಿಸಿಕೊಳ್ಳುತ್ತದೆ.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. 2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡಿಸಲು ಹೇಳಿದ್ದರು. ಅಡ್ಡಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಜಾಮ್ ಹುಟ್ಟಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಚಲಿಸಿತು. ಆದರೆ ಬೆಂಗಳೂರಿಗೆ ಈ 7.5 ಮೀಟರಿನ ಮನೆಯನ್ನು ಹಾಗೇ ತರಬೇಡಿ. ನಮ್ಮಲ್ಲಿ ಎರಡು ಕಾರುಗಳ ಸಂದಿನಲ್ಲಿ ಸ್ಕೂಟರ್ ನುಸುಳುತ್ತದೆ, ಆಟೋ ಅರ್ಧ ಲೇನ್ ಹಿಡಿಯುತ್ತದೆ. ಉದ್ದಕ್ಕೂ ಅಗಲಕ್ಕೂ ಚಿಕ್ಕ ಮನೆಗಳಿರಬೇಕು, ಒಂದೊಂದು ವಾಹನ ಬೇರೆಬೇರೆ ಸಂಖ್ಯೆಯ ಮನೆ ಹಿಡಿಯಬೇಕು.

ಸಮೀಕ್ಷೆಯಲ್ಲಿ ಜನರ ಸರಾಸರಿ ಅಭಿಪ್ರಾಯ ಗೊತ್ತಾದರೆ ಸಾಲದೇ? ಒಬ್ಬೊಬ್ಬರನ್ನೂ ಬೇರೆಯಾಗಿ ಇಡುವ ಕಷ್ಟ ಯಾಕೆ?
— ಪತ್ರಿಕೋದ್ಯಮ ವಿದ್ಯಾರ್ಥಿ, ಮೈಸೂರು

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಉದಾಹರಣೆ ನಿಮ್ಮ ಪ್ರಶ್ನೆಗೇ ಬರೆದಂತಿದೆ. ಚೌಕದಲ್ಲಿ 100 ಜನ ಸೇರಿದ್ದಾರೆ. ‘ಎಷ್ಟು ಜನ ಕಲ್ಲೆತ್ತಿದ ಮೇಲೆ ನಾನು ಎತ್ತುತ್ತೇನೆ’ ಎಂಬ ಸಂಖ್ಯೆ ಒಬ್ಬೊಬ್ಬರಿಗೆ ಒಂದೊಂದು: ಒಬ್ಬನಿಗೆ 0, ಒಬ್ಬನಿಗೆ 1, ಒಬ್ಬನಿಗೆ 2, ಹೀಗೆ 99ರವರೆಗೆ. ಸೊನ್ನೆಯವನು ತಾನಾಗಿ ಎತ್ತುತ್ತಾನೆ, ಅವನನ್ನು ನೋಡಿ ಒಂದರವನು, ಇಬ್ಬರನ್ನು ನೋಡಿ ಎರಡರವನು. ಕೊನೆಗೆ ನೂರೂ ಜನ ದೊಂಬಿಯಲ್ಲಿ.

ಈಗ ಒಬ್ಬನನ್ನು ಮಾತ್ರ ಬದಲಿಸಿ. 1 ಇದ್ದವನಿಗೆ 2 ಮಾಡಿ. ಸೊನ್ನೆಯವನು ಕಲ್ಲೆಸೆದ; ಒಬ್ಬನನ್ನು ನೋಡಿ ಏಳುವವರು ಯಾರೂ ಇಲ್ಲ; ಅಲ್ಲಿಗೆ ಮುಗಿಯಿತು. ಸರಾಸರಿ 49.50 ಇದ್ದದ್ದು 49.51 ಆಯಿತು, ದೊಂಬಿ ನೂರು ಜನರಿಂದ ಒಬ್ಬನಿಗೆ ಇಳಿಯಿತು. ಮರುದಿನದ ಪತ್ರಿಕೆ ಮೊದಲನೆಯದನ್ನು ‘ಉದ್ರಿಕ್ತ ಗುಂಪು’ ಎಂದೂ ಎರಡನೆಯದನ್ನು ‘ಒಬ್ಬ ಕಿಡಿಗೇಡಿ’ ಎಂದೂ ಬರೆಯುತ್ತದೆ. ಎರಡೂ ಕಡೆ ಜನ ಹೆಚ್ಚುಕಡಿಮೆ ಅವರೇ. ಗುಂಪಿನ ನಡತೆ ನೋಡಿ ಜನರ ಮನಸ್ಸನ್ನು ಅಳೆಯುವ ಮುನ್ನ ಈ ಲೆಕ್ಕ ನೆನಪಿರಲಿ.

ನೆಟ್‌ಲೋಗೋದಲ್ಲಿ ಶೆಲ್ಲಿಂಗ್ ಮಾದರಿ ಮಾಡಿದ್ದೇನೆ. ಪ್ರತಿ ಸಲ ಬೇರೆ ಉತ್ತರ ಬರುತ್ತದೆ, ಕೆಲವೊಮ್ಮೆ ದೋಷ ತೋರಿಸಿ ನಿಂತುಬಿಡುತ್ತದೆ. ಏನು ತಪ್ಪಾಗಿರಬಹುದು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಪ್ರತಿ ಸಲ ಬೇರೆ ಉತ್ತರ ಬರುವುದು ತಪ್ಪಲ್ಲ. ಆರಂಭದ ಹಂಚಿಕೆ ಯಾದೃಚ್ಛಿಕ. ಇತರ ಓದುಗರಿಗೆ ಒಂದು ಮಾತು: ನೆಟ್‌ಲೋಗೋ ಉಚಿತ ತಂತ್ರಾಂಶ, ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಉರಿ ವಿಲೆನ್‌ಸ್ಕಿ ರೂಪಿಸಿದ್ದು. ಅದರ ಮಾದರಿ ಸಂಗ್ರಹದಲ್ಲಿ ಸಮಾಜ ವಿಜ್ಞಾನದ ವಿಭಾಗಕ್ಕೆ ಹೋದರೆ ‘ಸೆಗ್ರಿಗೇಶನ್’ ಸಿದ್ಧವಾಗಿಯೇ ಇದೆ. ತನ್ನವರು 30 ಪ್ರತಿಶತ ಇದ್ದರೆ ಸಾಕು ಎಂದಿಟ್ಟು ಓಡಿಸಿದರೆ, ಸುಮಾರು 50ರಲ್ಲಿ ಶುರುವಾದ ಸರಾಸರಿ ಹೋಲಿಕೆ (ನೆರೆಯವರಲ್ಲಿ ತನ್ನವರು ಎಷ್ಟು ಪ್ರತಿಶತ ಎಂಬುದರ ಸರಾಸರಿ) 70ರ ಆಸುಪಾಸಿಗೆ ಏರಿ ನಿಲ್ಲುತ್ತದೆ. 80 ಕೇಳಿದರೆ ಬಹುತೇಕ ಯಾರಿಗೂ ತೃಪ್ತಿಯೇ ಇಲ್ಲ, ಓಡಾಟ ನಿಲ್ಲುವುದೇ ಇಲ್ಲ. ಹೆಚ್ಚು ಬೇಡಿದಷ್ಟೂ ಹೆಚ್ಚು ಬೇರ್ಪಡುತ್ತಾರೆ ಎಂಬ ಊಹೆ ಇಲ್ಲಿ ಮುರಿಯುತ್ತದೆ. ಈ ಮಾದರಿಯಲ್ಲಿ ನಮಗೆ ಅತಿ ಪ್ರಿಯವಾದ ಭಾಗ ಅದು.

ನಿಮ್ಮದು ನಿಲ್ಲುವುದಕ್ಕೆ ಹೆಚ್ಚಿನ ಸಂಭವ ಭಾಗಾಕಾರದ್ದು. ಸುತ್ತ ಯಾರೂ ಇಲ್ಲದ ಏಜೆಂಟ್‌ಗೆ ತನ್ನವರನ್ನು ಒಟ್ಟು ನೆರೆಯವರಿಂದ ಭಾಗಿಸಿದರೆ ಛೇದದಲ್ಲಿ ಸೊನ್ನೆ ಬರುತ್ತದೆ. ಜನ ತೆಳುವಾಗಿದ್ದಾಗ ಮಾತ್ರ ಹೀಗಾಗುವುದರಿಂದ ಹತ್ತು ಸಲ ಸರಿ ಓಡಿ ಹನ್ನೊಂದನೆಯ ಸಲ ನಿಲ್ಲುತ್ತದೆ. ಭಾಗಿಸಬೇಡಿ, ಗುಣಿಸಿ: ತನ್ನವರ ಸಂಖ್ಯೆ × 100, ಒಟ್ಟು ನೆರೆಯವರು × ಬೇಕಾದ ಪ್ರತಿಶತಕ್ಕೆ ಸಮ ಅಥವಾ ಹೆಚ್ಚು ಇದೆಯೇ ಎಂದು ಕೇಳಿ. ಆಗ ಒಂಟಿಯಾಗಿರುವವನು ತೃಪ್ತ ಎಂದಾಗುತ್ತದೆ. ಅದು ನಿಮಗೆ ಒಪ್ಪಿಗೆಯೋ ಇಲ್ಲವೋ ಯೋಚಿಸಿ, ವರದಿಯಲ್ಲಿ ಬರೆಯಿರಿ.

ಇನ್ನು ನೋಡಬೇಕಾದವು. ನೆಟ್‌ಲೋಗೋದ ಲೋಕ ಸಾಮಾನ್ಯವಾಗಿ ಅಂಚಿಲ್ಲದ್ದು. ಬಲಕ್ಕೆ ಹೋದವನು ಎಡದಿಂದ ಬರುತ್ತಾನೆ. ಕೈಯಲ್ಲಿ ಮಾಡಿದ ಹಲಗೆಗೆ ಅಂಚಿದೆ. ಎರಡರ ಫಲಿತಾಂಶ ಹೋಲಿಸುವ ಮುನ್ನ ಇದನ್ನು ಸರಿಪಡಿಸಿ. ಒಂದು ಗುಂಪಿಗೆ ‘ನಡೆಯಿರಿ’ ಎಂದು ಆಜ್ಞೆ ಕೊಟ್ಟಾಗ ನೆಟ್‌ಲೋಗೋ ಪ್ರತಿ ಸಲವೂ ಯಾದೃಚ್ಛಿಕ ಕ್ರಮದಲ್ಲಿ ಒಬ್ಬೊಬ್ಬರನ್ನು ಕರೆಯುತ್ತದೆ, ಎಲ್ಲರೂ ಒಟ್ಟಿಗೆ ನಡೆಯುವುದಿಲ್ಲ. ಒಟ್ಟಿಗೆ ನಡೆಯಬೇಕಿದ್ದರೆ ಮೊದಲ ಆಜ್ಞೆಯಲ್ಲಿ ಎಲ್ಲರೂ ತೀರ್ಮಾನ ಮಾಡಿ ಗುರುತಿಟ್ಟುಕೊಳ್ಳಲಿ, ಎರಡನೆಯದರಲ್ಲಿ ನಡೆಯಲಿ. ಯಾದೃಚ್ಛಿಕ ಸಂಖ್ಯೆಗಳ ‘ಸೀಡ್’ ಅನ್ನು ದಾಖಲಿಸಿಡಿ; ಅದೇ ಸೀಡ್ ಕೊಟ್ಟರೆ ಅದೇ ಓಟ ಮರಳಿ ಬರುತ್ತದೆ, ದೋಷ ಹುಡುಕಲು ಬೇರೆ ದಾರಿಯಿಲ್ಲ. ‘ಬಿಹೇವಿಯರ್‌ಸ್ಪೇಸ್’ (ಒಂದೇ ಮಾದರಿಯನ್ನು ಹಲವು ಸಲ ತಾನಾಗಿ ಓಡಿಸುವ, ನೆಟ್‌ಲೋಗೋದೊಳಗಿನ ಸಲಕರಣೆ) ಬಳಸಿ ಪ್ರತಿ ಹೊಂದಿಕೆಗೂ ಕನಿಷ್ಠ 30 ಓಟ ತೆಗೆಯಿರಿ, ಸರಾಸರಿಯ ಜೊತೆ ಹರಡುವಿಕೆಯನ್ನೂ ನೋಡಿ. ಅರ್ಧ ಓಟಗಳು 40ರಲ್ಲಿ, ಅರ್ಧ 90ರಲ್ಲಿ ನಿಂತರೆ ‘ಸರಾಸರಿ 65’ ಎಂಬುದು ಎಲ್ಲೂ ನಡೆಯದ ಸಂಗತಿ.

ಕೊನೆಯದಾಗಿ, ಎರಡು ಗುಂಪು ಸಮನಾಗಿಲ್ಲದಿದ್ದರೆ ಅಳತೆಯೇ ಮೋಸ ಮಾಡುತ್ತದೆ. 80–20 ಇದ್ದಾಗ, ಯಾರೂ ಕದಲುವ ಮುಂಚೆಯೇ, ಚೆನ್ನಾಗಿ ಬೆರೆತಿದ್ದರೂ ಸರಾಸರಿ ಹೋಲಿಕೆ 68 ಬರುತ್ತದೆ (0.8ರ ವರ್ಗ 0.64, 0.2ರ ವರ್ಗ 0.04). 70 ಬಂತೆಂದು ‘ಬೇರ್ಪಡಿಕೆ’ ಎಂದು ಬರೆದರೆ ಕಂಡದ್ದು ಏನೂ ಅಲ್ಲ. ಆರಂಭದ ಅಂಕಿಯಿಂದ ಎಷ್ಟು ಏರಿತು ಎಂಬುದನ್ನು ಕೊಡಿ.

ಕೆರೆ ನೀರು ಹಂಚಿಕೆಗೆ ಇಂಥ ಮಾದರಿ ಮಾಡಿದವರಿದ್ದಾರೆಯೇ?
— ಕೃಷಿ ಸಂಘಟಕರು, ಕೋಲಾರ

ನಿಮಗೆ ಅತಿ ಹತ್ತಿರದ್ದು ಇಂಡೋನೇಷ್ಯಾದ ಬಾಲಿ ದ್ವೀಪದ್ದು. ಅಲ್ಲಿ ಒಂದೇ ಕಾಲುವೆಯ ನೀರು ಹಂಚಿಕೊಳ್ಳುವ ಭತ್ತದ ರೈತರ ಸಂಘಕ್ಕೆ ‘ಸುಬಾಕ್’ ಎನ್ನುತ್ತಾರೆ. ಯಾರು ಯಾವಾಗ ನಾಟಿ ಮಾಡಬೇಕು ಎಂಬುದು ಜಲದೇವಾಲಯಗಳಲ್ಲಿ ತೀರ್ಮಾನವಾಗುತ್ತಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ಪ್ರತಿಯೊಬ್ಬರೂ ಸಾಧ್ಯವಾದಷ್ಟು ಸಲ ಬೆಳೆಯಿರಿ ಎಂದರು. ನೀರಿನ ಕೊರತೆ, ಕೀಟಬಾಧೆ ಎರಡೂ ಏರಿದವು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಎರಡು ನದಿಗಳ 172 ಸುಬಾಕ್‌ಗಳನ್ನು ಏಜೆಂಟ್‌ಗಳಾಗಿ ಇಟ್ಟು ಮಾದರಿ ಮಾಡಿದರು.

ಇಲ್ಲಿನ ತೊಡಕು ಸ್ವಾರಸ್ಯದ್ದು. ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ಕೊಯ್ಲೂ ಒಟ್ಟಿಗೆ ಆಗಿ, ಗದ್ದೆಗಳು ಒಟ್ಟಿಗೆ ಖಾಲಿಯಾಗಿ ಕೀಟಗಳಿಗೆ ತಿನ್ನಲು ಏನೂ ಸಿಗುವುದಿಲ್ಲ. ಆದರೆ ನೀರು ಎಲ್ಲರಿಗೂ ಒಂದೇ ದಿನ ಬೇಕು. ಬೇರೆಬೇರೆ ದಿನ ಮಾಡಿದರೆ ನೀರು ಸಾಕು, ಕೀಟ ಪಕ್ಕದ ಗದ್ದೆಗೆ ದಾಟುತ್ತದೆ. ಮಾದರಿಯ ನಿಯಮ ಒಂದೇ: ವರ್ಷದ ಕೊನೆಗೆ ನೆರೆಯ ಸುಬಾಕ್‌ಗಳನ್ನು ನೋಡು, ಹೆಚ್ಚು ಬೆಳೆದವರ ವೇಳಾಪಟ್ಟಿ ನಕಲು ಮಾಡು. ಕೆಲವೇ ವರ್ಷಗಳಲ್ಲಿ ಒಟ್ಟಿಗೆ ನಾಟಿ ಮಾಡುವ ಗುಂಪುಗಳು ಮೂಡಿದವು, ಇಳುವರಿ ಏರಿತು, ಆ ಗುಂಪುಗಳು ಅಲ್ಲಿನ ದೇವಾಲಯಗಳ ಜಾಲವನ್ನು ಹೋಲುತ್ತಿದ್ದವು.

ನಿಮ್ಮ ಕೆರೆಗೆ ಮಾಡುವುದಾದರೆ ಮೊದಲು ಕಂಪ್ಯೂಟರ್ ಮುಟ್ಟಬೇಡಿ. ತೂಬಿನಿಂದ ಕೊನೆಯ ಗದ್ದೆಯವರೆಗೆ ನೀರು ಹರಿಯುವ ಕ್ರಮ, ಪ್ರತಿ ಗದ್ದೆಯ ವಿಸ್ತೀರ್ಣ, ನೀರುಗಂಟಿ ತಿರುಗಿಸುವ ಸರದಿ, ಕೆರೆ ಅರ್ಧ ತುಂಬಿದ ವರ್ಷ ಯಾರಿಗೆ ಕಡಿತ, ಯಾರಿಗೆ ಕೊಳವೆಬಾವಿ ಇದೆ ಎಂಬುದನ್ನು ಬರೆದುಕೊಳ್ಳಿ. ಕೊಳವೆಬಾವಿ ಇರುವವನಿಗೆ ನೆರೆಯವರ ಒಪ್ಪಂದ ಬೇಕಿಲ್ಲ. ಬಾಲಿಯ ಮಾದರಿಯಲ್ಲಿ ಅಂಥ ಏಜೆಂಟ್ ಇಲ್ಲ, ನಿಮ್ಮದರಲ್ಲಿ ಇರಲೇಬೇಕು.

ನಡೆದುಹೋದ ಇತಿಹಾಸಕ್ಕೆ ಮಾದರಿ ಮಾಡಿ ಉಪಯೋಗವೇನು?
— ಇತಿಹಾಸ ಉಪನ್ಯಾಸಕರು, ವಿಜಯಪುರ

ತಪ್ಪು ವಿವರಣೆಯನ್ನು ತಳ್ಳಿಹಾಕಲು. ಅಮೆರಿಕದ ಅರಿಜೋನಾದ ಲಾಂಗ್ ಹೌಸ್ ಕಣಿವೆಯಲ್ಲಿ ಇಂದಿನ ಪ್ಯೂಬ್ಲೋ ಜನರ ಪೂರ್ವಿಕರು ಜೋಳ (ಮೆಕ್ಕೆಜೋಳ) ಬೆಳೆದು ಬದುಕಿದ್ದರು, ಕ್ರಿ.ಶ. 1300ರ ಸುಮಾರಿಗೆ ಕಣಿವೆ ಬಿಟ್ಟರು. ಬರಗಾಲವೇ ಕಾರಣವೇ? ಸಂಶೋಧಕರು ಮಾದರಿಗೆ ಮರದ ಉಂಗುರಗಳಿಂದ ತಿಳಿದ ಹವಾಮಾನ ಕೊಟ್ಟು, ಕ್ರಿ.ಶ. 800ರಿಂದ 1350ರವರೆಗೆ ವರ್ಷ ವರ್ಷವೂ ಓಡಿಸಿದರು. ಏಜೆಂಟ್ ಎಂದರೆ ಒಂದು ಮನೆತನ: ಐದು ಜನ, ತಲಾ ವರ್ಷಕ್ಕೆ 160 ಕಿಲೋ ಕಾಳು. ಸಾಲದಿದ್ದರೆ ಬೇರೆ ಹೊಲಕ್ಕೆ, ಅದೂ ಇಲ್ಲದಿದ್ದರೆ ಕಣಿವೆಯ ಹೊರಗೆ. ಮಾದರಿಯ ಜನಸಂಖ್ಯೆ ಉತ್ಖನನದ ಏರಿಳಿತವನ್ನು ಬಹುಮಟ್ಟಿಗೆ ಅನುಸರಿಸಿತು. ಆದರೆ ಕೊನೆಯಲ್ಲಿ ಮಾದರಿಯ ಕಣಿವೆ ಖಾಲಿಯಾಗಲಿಲ್ಲ, ಸಣ್ಣ ಸಂಖ್ಯೆಯ ಜನ ಅಲ್ಲೇ ಬದುಕಬಹುದಿತ್ತು. ಬರ ಒಂದರಿಂದಲೇ ಎಲ್ಲರೂ ಹೋದರು ಎನ್ನಲಾಗದು. ಉಳಿದವರನ್ನು ಎಬ್ಬಿಸಿದ್ದು ಹೊಲದಲ್ಲಿ ಕಾಣದ ಕಾರಣ. ಮಾದರಿ ಹೊಂದಲಿಲ್ಲ ಎಂಬುದೇ ಇಲ್ಲಿನ ಫಲ.

ಕೋವಿಡ್ ಕಾಲದ ಮಾದರಿಗಳ ಭವಿಷ್ಯವಾಣಿ ಬಹಳ ಸಲ ಸುಳ್ಳಾಯಿತಲ್ಲ?
— ವೈದ್ಯರು, ದಾವಣಗೆರೆ

ಭವಿಷ್ಯವಾಣಿ ಎಂದು ಓದಿದ್ದೇ ತೊಂದರೆ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಸೇರಿ ಎರಡೂ ನಗರಗಳ ಏಜೆಂಟ್ ಮಾದರಿ ಮಾಡಿದರು. ಬೆಂಗಳೂರಿಗೆ ಒಂದು ಕೋಟಿಗೂ ಮೀರಿದ ಕೃತಕ ನಿವಾಸಿಗಳು. ಒಬ್ಬೊಬ್ಬರಿಗೂ ವಯಸ್ಸು, ವಾರ್ಡು, ಮನೆ, ಶಾಲೆ ಅಥವಾ ಕಚೇರಿ. ಸೋಂಕು ಹರಡುವುದು ಮನೆ, ಶಾಲೆ, ಕಚೇರಿ, ಬೀದಿಗಳಲ್ಲಿ ಬೇರೆಬೇರೆ ಪ್ರಮಾಣದಲ್ಲಿ. ಎಲ್ಲರೂ ಎಲ್ಲರೊಡನೆ ಬೆರೆಯುತ್ತಾರೆ ಎಂದು ಹಿಡಿಯುವ ಸಮೀಕರಣಗಳಲ್ಲಿ ‘ಕಚೇರಿಗೆ ಅರ್ಧ ಜನ ಬಂದರೆ?’ ಎಂದು ಕೇಳುವುದು ಕಷ್ಟ. ಇಲ್ಲಿ ಅದು ಒಂದು ಸಾಲು ಬದಲಾವಣೆ. ಉತ್ತರವೂ ‘ಹೀಗೆ ಮಾಡಿದರೆ, ಹಾಗೆ ಮಾಡಿದ್ದಕ್ಕಿಂತ ಇಷ್ಟು ವ್ಯತ್ಯಾಸ’ ಎಂಬ ರೂಪದ್ದು. ಅಂಕಿ ಕೇಳಿದ ಜನ ಹೆದರಿ ಮನೆಯಲ್ಲಿ ಕೂತರೆ ಅಂಕಿಯೇ ಬದಲಾಗುತ್ತದೆ. ಗ್ರಹಣದ ಲೆಕ್ಕಕ್ಕೆ ಆ ತೊಂದರೆ ಇಲ್ಲ. ಇಂಥ ವರದಿ ಓದುವಾಗ ಗ್ರಾಫಿನ ಎರಡು ಗೆರೆಗಳ ನಡುವಿನ ಅಂತರ ನೋಡಿ, ಒಂದೇ ಗೆರೆಯ ಎತ್ತರ ಬೇಡ.

ನೂರು ಹೋಟೆಲು, ನೂರು ಗಿರಾಕಿ, ಒಂದೊಂದು ಕಡೆ ಒಂದೇ ಊಟ. ಎಲ್ಲರಿಗೂ ಊಟ ಸಿಗುತ್ತದೆಯೇ?
— ಬಿ.ಕಾಂ. ವಿದ್ಯಾರ್ಥಿನಿ, ಉಡುಪಿ

ಭಾರತದಲ್ಲೇ ಹುಟ್ಟಿದ ಸಮಸ್ಯೆ, ಹೆಸರು ‘ಕೋಲ್ಕತ್ತಾ ಪೈಸಾ ರೆಸ್ಟೋರೆಂಟ್’. ಮಾತಾಡಿಕೊಳ್ಳದೆ ಮನಬಂದತ್ತ ಹೋದರೆ ಸುಮಾರು 63 ಹೋಟೆಲುಗಳಿಗೆ ಮಾತ್ರ ಗಿರಾಕಿ ಬರುತ್ತಾರೆ, 37 ಊಟ ಹಳಸುತ್ತದೆ, 37 ಜನ ಉಪವಾಸ. ನಿನ್ನೆ ಎಷ್ಟು ನೂಕುನುಗ್ಗಲಿತ್ತು ಎಂದು ನೆನಪಿಟ್ಟು ಜಾಗ ಬದಲಿಸುವ ನಿಯಮ ಕೊಟ್ಟು ನೀವೇ ಓಡಿಸಿ ನೋಡಿ. ನೂರಾರು ಸಾಲಿನ ಪ್ರೋಗ್ರಾಮ್ ಏನೂ ಬೇಡ.

ಏಜೆಂಟ್‌ಗಳ ಜಾಗದಲ್ಲಿ ಮಾತಾಡುವ ಎ.ಐ. ಇಟ್ಟರೆ ಇನ್ನೂ ನೈಜವಾಗುವುದಿಲ್ಲವೇ?
— ತಂತ್ರಾಂಶ ಎಂಜಿನಿಯರ್, ಮಂಗಳೂರು

2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್‌ನ ಸಂಶೋಧಕರು ಅಂಥ 25 ಪಾತ್ರಗಳ ಪುಟ್ಟ ಊರು ಕಟ್ಟಿದರು. ಒಂದು ಪಾತ್ರಕ್ಕೆ ಔತಣ ಏರ್ಪಡಿಸುವ ಆಸೆ ಕೊಟ್ಟರೆ ಸುದ್ದಿ ಊರೆಲ್ಲ ಹಬ್ಬಿ ಕೆಲವರು ಬಂದರು. ನೋಡಲು ನೈಜ. ಆದರೆ ನಮ್ಮ ವಿದ್ಯೆಯ ಶಕ್ತಿ ಇರುವುದು ಒಂದು ನಿಯಮ ತೆಗೆದು ‘ಈಗಲೂ ಜಾಮ್ ಆಗುತ್ತದೆಯೇ’ ಎಂದು ಕೇಳುವುದರಲ್ಲಿ. ಈ ಪಾತ್ರಗಳನ್ನು ಮಾತಾಡಿಸುವ ಭಾಷಾ ಮಾದರಿಯೊಳಗಿಂದ ಒಂದು ನಿಯಮವನ್ನಷ್ಟೇ ಕಿತ್ತು ತೆಗೆಯಲು ಬರುವುದಿಲ್ಲ. ಜೊತೆಗೆ ಔತಣಕ್ಕೆ ಜನ ಬರುತ್ತಾರೆ ಎಂಬುದನ್ನು ಅದು ಮೊದಲೇ ಓದಿಕೊಂಡಿದೆ. ಹೊಮ್ಮಿದ್ದು ಯಾವುದು, ನೆನಪಿನಿಂದ ಬಂದದ್ದು ಯಾವುದು ಎಂದು ಬಿಡಿಸಲಾಗದು. ಪ್ರಯೋಗ ಮಾಡಿ, ಆದರೆ ಪಕ್ಕದಲ್ಲಿ ಸರಳ ನಿಯಮದ ಮಾದರಿಯನ್ನೂ ಇಟ್ಟುಕೊಳ್ಳಿ.

ಪಿಎಚ್‌.ಡಿ. ಪ್ರಬಂಧದಲ್ಲಿ ಮಾದರಿಯನ್ನು ಹೇಗೆ ಬರೆಯಬೇಕು? ‘ಇದು ವಿಡಿಯೋ ಗೇಮ್, ಸಂಶೋಧನೆ ಅಲ್ಲ’ ಎಂಬ ಮಾತು ಕೇಳಿಬರುತ್ತಿದೆ.
— ಸಂಶೋಧನಾ ವಿದ್ಯಾರ್ಥಿ, ಶಿವಮೊಗ್ಗ

ಆ ಮಾತಿಗೆ ಉತ್ತರ ಬರವಣಿಗೆಯಲ್ಲೇ ಇದೆ. ಪರಿಸರ ವಿಜ್ಞಾನಿ ಫೋಲ್ಕರ್ ಗ್ರಿಮ್ ಮತ್ತು ಸಂಗಡಿಗರು 2006ರಲ್ಲಿ ಮಾದರಿಯನ್ನು ವಿವರಿಸಲು ‘ಒಡಿಡಿ’ ಎಂಬ ನಮೂನೆ ಕೊಟ್ಟರು, 2010 ಮತ್ತು 2020ರಲ್ಲಿ ತಿದ್ದಿದರು. ಈಗ ಬೇರೆ ಶಾಸ್ತ್ರಗಳವರೂ ಬಳಸುತ್ತಾರೆ. ಏಳು ಭಾಗ: ಉದ್ದೇಶ ಮತ್ತು ನಿಜಲೋಕದಲ್ಲಿ ಕಂಡ ಯಾವ ಲಕ್ಷಣಕ್ಕೆ ಹೊಂದಿಸಿ ನೋಡುತ್ತೀರಿ, ಏಜೆಂಟ್‌ಗಳ ಜೊತೆ ಅವುಗಳ ಗುಣಗಳು ಮತ್ತು ಕಾಲ–ಜಾಗದ ಅಳತೆ, ಕೆಲಸಗಳ ಪಟ್ಟಿ ಮತ್ತು ಕ್ರಮ, ವಿನ್ಯಾಸದ ಪರಿಕಲ್ಪನೆಗಳು, ಆರಂಭದ ಸ್ಥಿತಿ, ಹೊರಗಿನಿಂದ ಬರುವ ದತ್ತಾಂಶ, ಒಳಮಾದರಿಗಳ ಪೂರ್ಣ ವಿವರ. ವಿನ್ಯಾಸದ ಪರಿಕಲ್ಪನೆಗಳ ಭಾಗದಲ್ಲಿ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು: ಯಾವ ಫಲಿತಾಂಶ ನಿಜವಾಗಿ ಹೊಮ್ಮಿದ್ದು, ಯಾವುದನ್ನು ನೀವೇ ನಿಯಮದಲ್ಲಿ ಬರೆದಿಟ್ಟಿದ್ದಿರಿ? ‘ಏಜೆಂಟ್ ತನ್ನವರತ್ತ ನಡೆಯಲಿ’ ಎಂದು ಬರೆದು, ಗುಂಪು ಕಟ್ಟಿಕೊಂಡರು ಎಂದು ಬೆರಗಾದರೆ ಪರೀಕ್ಷಕರು ಸುಮ್ಮನೆ ಬಿಡಬಾರದು.

ಪ್ರತಿ ಅಂಕಿಯ ಎದುರಿಗೂ ಅದು ಎಲ್ಲಿಂದ ಬಂತು ಎಂದು ಬರೆಯಿರಿ: ಅಳೆದದ್ದು, ಬೇರೆಯವರಿಂದ ತೆಗೆದುಕೊಂಡದ್ದು, ಊಹಿಸಿದ್ದು. ಊಹಿಸಿದ್ದನ್ನೆಲ್ಲ ಅರ್ಧಕ್ಕೆ ಇಳಿಸಿ ಒಮ್ಮೆ, ಎರಡರಷ್ಟು ಮಾಡಿ ಒಮ್ಮೆ ಓಡಿಸಿ, ಫಲ ಎಷ್ಟು ಅಲುಗಿತು ಎಂದು ಕೊಡಿ.

ಬರೆದು ಮುಗಿದ ಮೇಲೆ, ನಿಮ್ಮ ಪ್ರೋಗ್ರಾಮನ್ನು ಒಮ್ಮೆಯೂ ನೋಡಿರದ ಸ್ನೇಹಿತರಿಗೆ ಆ ವಿವರಣೆ ಮಾತ್ರ ಕೊಟ್ಟು ಬೇರೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಪೈಥಾನ್‌ನ ಏಜೆಂಟ್ ಮಾದರಿ ಕಟ್ಟುವ ಸಲಕರಣೆ ಮೇಸಾದಲ್ಲಾದರೂ ಸರಿ, ಮರಳಿ ಕಟ್ಟಲು ಹೇಳಿ. ಅವರು ಫೋನ್ ಮಾಡಿ ಕೇಳುವ ಒಂದೊಂದು ಪ್ರಶ್ನೆಯೂ ನಿಮ್ಮ ಬರಹದಲ್ಲಿ ಬಿಟ್ಟುಹೋದ ಒಂದೊಂದು ವಾಕ್ಯ. ಹೆಚ್ಚಾಗಿ ಮೊದಲ ಪ್ರಶ್ನೆ ಇದೇ ಆಗಿರುತ್ತದೆ: ‘ಯಾರ ಕಾಯಿ ಮೊದಲು ನಡೆಸಲಿ?’